ಶೇ 12 ಕುಗ್ಗುವ ಮಣ್ಣಿನಲ್ಲಿ ಮುಚ್ಚಳದ ಭರಣಿ

ಗುರಿ ಇಷ್ಟೇ: ಸುಟ್ಟು ಮುಗಿದ ಮೇಲೆ ಒಂದು ಲೀಟರ್ ಹಿಡಿಯುವ, ಮುಚ್ಚಳ ಕೂರುವ ಕಡೆ ಸರಿಯಾಗಿ 80 ಮಿ.ಮೀ. ಅಗಲವಿರುವ ಸ್ಟೋನ್‌ವೇರ್ (ಹೆಚ್ಚು ಉರಿಯಲ್ಲಿ ಸುಟ್ಟು ಕಲ್ಲಿನಂತೆ ಗಟ್ಟಿಯಾದ ಮಣ್ಣಿನ) ಭರಣಿ. ಲೋಟ, ಬಟ್ಟಲು ಮಾಡುವಾಗ ಮಣ್ಣು ಎಷ್ಟು ಕುಗ್ಗಿದರೂ ನಡೆಯುತ್ತದೆ. ಲೋಟ ಒಂದಿಷ್ಟು ಚಿಕ್ಕದಾಯಿತು, ಅಷ್ಟೇ. ಭರಣಿಯಲ್ಲಿ ಆ ಸಲಿಗೆ ಇಲ್ಲ. ಬೇರೆ ಬೇರೆಯಾಗಿ ಮಾಡಿದ ಎರಡು ತುಂಡುಗಳು ಹಸಿಯಲ್ಲಿ ಹೊಂದಬೇಕು, ಒಣಗಿದಾಗ ಹೊಂದಬೇಕು, 1,220 ಡಿಗ್ರಿ ದಾಟಿ ಬಂದ ಮೇಲೂ ಹೊಂದಬೇಕು. ಹಾಗಾಗಿ ಈ ಕೆಲಸ ತಿಗುರಿಯಿಂದ ಶುರುವಾಗುವುದಿಲ್ಲ, ಅಳತೆಪಟ್ಟಿಯಿಂದ ಶುರುವಾಗುತ್ತದೆ.

ಮಣ್ಣು ಮತ್ತು ಅದರ ಲೆಕ್ಕ

ಬಳಸಿದ್ದು ಕೋನ್ 6ರ (ಕೋನ್ ಎಂದರೆ ಗೂಡಿನ ಕಾವು ತಿಳಿಯಲು ಇಡುವ ಕಡ್ಡಿ; 6 ಎಂದರೆ ಸುಮಾರು 1,220 ಡಿಗ್ರಿ) ಉರಿಗೆಂದೇ ತಯಾರಿಸಿದ, ಸಣ್ಣ ಗ್ರಾಗ್ ಇರುವ ಚೀಲದ ಮಣ್ಣು. ಇಂಥ ಮಣ್ಣು ನೆಲದಿಂದ ಅಗೆದು ತಂದ ಒಂದೇ ವಸ್ತುವಲ್ಲ, ಹಲವನ್ನು ಕೂಡಿಸಿದ ಮಿಶ್ರಣ. ಬಾಲ್ ಕ್ಲೇ ಬಹಳ ನುಣ್ಣನೆಯ ಕಣಗಳ ಜೇಡಿ. ಎಳೆದತ್ತ ಬರುವ ಗುಣ ಅದರದು, ಹೆಚ್ಚು ಕುಗ್ಗುವ ಗುಣವೂ ಅದರದೇ. ಪಿಂಗಾಣಿಗೆ ಬಳಸುವ ಬಿಳಿ ಕಯೋಲಿನ್‌ನ ಕಣ ದಪ್ಪ. ಉರಿ ತಡೆಯುತ್ತದೆ, ಆದರೆ ತಿಗುರಿಯ ಮೇಲೆ ಸ್ವಲ್ಪ ಮೊಂಡು. ಫೆಲ್ಡ್‌ಸ್ಪಾರ್ ಉರಿಯಲ್ಲಿ ಕರಗಿ ಉಳಿದದ್ದನ್ನೆಲ್ಲ ಬೆಸೆಯುತ್ತದೆ. ಕ್ವಾರ್ಟ್ಜ್ ಪುಡಿಯ ಬಹುಪಾಲು ಕರಗದೆ ಉಳಿದು, ಪಾತ್ರೆ ಕುಸಿಯದಂತೆ ಒಳಗಿನಿಂದ ಹಿಡಿದುಕೊಳ್ಳುತ್ತದೆ. ಗ್ರಾಗ್ ಎಂದರೆ ಮೊದಲೇ ಸುಟ್ಟು ಪುಡಿ ಮಾಡಿದ ಮಣ್ಣು. ಅದು ಕುಗ್ಗಬೇಕಾದಷ್ಟು ಬಹುತೇಕ ಕುಗ್ಗಿಯಾಗಿರುವುದರಿಂದ ಇಡೀ ಮಿಶ್ರಣದ ಕುಗ್ಗುವಿಕೆಯನ್ನು ತಗ್ಗಿಸುತ್ತದೆ, ಒಣಗುವಾಗ ನೀರು ಹೊರಬರಲು ದಾರಿಯನ್ನೂ ಬಿಡುತ್ತದೆ.

ಕುಗ್ಗುವುದು ಎರಡು ಕಂತಿನಲ್ಲಿ. ಜೇಡಿಯ ಕಣಗಳು ಚಪ್ಪಟೆ ಬಿಲ್ಲೆಗಳು. ನಡುವೆ ತೆಳುವಾಗಿ ನೀರಿರುವವರೆಗೆ ಒದ್ದೆ ಗಾಜಿನ ಹಲಗೆಗಳ ಹಾಗೆ ಒಂದರ ಮೇಲೊಂದು ಜಾರುತ್ತವೆ, ಆದರೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನೀರು ಹೋದಂತೆ ಬಿಲ್ಲೆಗಳು ಹತ್ತಿರ ಬರುತ್ತವೆ; ಇದು ಮೊದಲ ಕಂತು. ಬಿಲ್ಲೆಗೆ ಬಿಲ್ಲೆ ತಾಗಿದ ಮೇಲೆ ಕುಗ್ಗುವುದು ನಿಲ್ಲುತ್ತದೆ. ಸಂದುಗಳಲ್ಲಿ ಆಗಲೂ ನೀರು ಉಳಿದಿರುತ್ತದೆ, ಅದು ಹೋದಾಗ ಬಣ್ಣ ಮಾತ್ರ ತಿಳಿಯಾಗುತ್ತದೆ. ಎರಡನೇ ಕಂತು ಮಡಕೆ ಸುಡುವ ಗೂಡಿನೊಳಗೆ: ಫೆಲ್ಡ್‌ಸ್ಪಾರ್ ಕರಗಿ ಸಂದುಗಳಿಗೆ ಇಳಿದು, ಕಣಗಳನ್ನು ಇನ್ನಷ್ಟು ಒತ್ತಿಗೆ ಎಳೆದುಕೊಂಡಾಗ.

ಚೀಲದ ಮೇಲೆ ಕುಗ್ಗುವಿಕೆಯ ಅಂಕಿ ಅಚ್ಚಾಗಿರುತ್ತದೆ. ಮುಚ್ಚಳದ ಕೆಲಸಕ್ಕೆ ನಾನು ಅದನ್ನು ನಂಬುವುದಿಲ್ಲ. ಮಣ್ಣು ಎಷ್ಟು ಮೆತ್ತಗಿದೆ, ಗೂಡು ನಿಜವಾಗಿ ಎಷ್ಟು ಬಿಸಿಯಾಗುತ್ತದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಅದೇ ಚೀಲದ ಮಣ್ಣಿನಿಂದ 8 ಮಿ.ಮೀ. ದಪ್ಪ, 14 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ, ತಿಗುರಿಗೆ ಹಾಕುವ ಹದದಲ್ಲೇ ಅದರ ಮೇಲೆ ಸರಿಯಾಗಿ 100 ಮಿ.ಮೀ. ಗೆರೆ ಕೊರೆದೆ. ಸೊಟ್ಟಗಾಗದಂತೆ ಆಗಾಗ ಮಗುಚಿ ಒಣಗಿಸಿದಾಗ ಗೆರೆ 94 ಮಿ.ಮೀ. ಉಳಿಯಿತು. ಮೊದಲ ಸುಡುವಿಕೆಯ ನಂತರ 93.5. ಕೋನ್ 6ರ ನಂತರ 88. ಒಟ್ಟು ಶೇ 12.

ಈಗ ಹಸಿ ಅಳತೆ. 80ಕ್ಕೆ ಶೇ 12 ಕೂಡಿಸಿದರೆ 89.6 ಬರುತ್ತದೆ, ಅದು ತಪ್ಪು ಲೆಕ್ಕ. ಕುಗ್ಗುವುದು ಹಸಿ ಅಳತೆಯ ಶೇ 12, ಸುಟ್ಟ ಅಳತೆಯದಲ್ಲ. ಆದ್ದರಿಂದ 80ನ್ನು 0.88ರಿಂದ ಭಾಗಿಸಬೇಕು: 90.9, ಅಂದರೆ 91 ಮಿ.ಮೀ. ಎರಡು ಲೆಕ್ಕಗಳ ನಡುವಿನ ಅಂತರ ಒಂದು ಮಿ.ಮೀ.ಗೆ ಸ್ವಲ್ಪ ಹೆಚ್ಚು. ಮುಚ್ಚಳ ಸಿಕ್ಕಿಹಾಕಿಕೊಳ್ಳಲು ಅಷ್ಟು ಸಾಕು. ಗಾತ್ರದ ಲೆಕ್ಕ ಇನ್ನೂ ಬೆಚ್ಚಿ ಬೀಳಿಸುವಂಥದ್ದು: ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 0.88ನ್ನು ಮೂರು ಸಲ ಗುಣಿಸಬೇಕು, 0.68 ಬರುತ್ತದೆ. ಒಂದು ಲೀಟರ್ ಬೇಕಿದ್ದರೆ ಹಸಿ ಭರಣಿ ಸುಮಾರು 1,470 ಮಿ.ಲೀ. ಹಿಡಿಯಬೇಕು. ಒಳಗಿನ ಸರಾಸರಿ ವ್ಯಾಸ 11.5 ಸೆಂ.ಮೀ., ಒಳ ಎತ್ತರ 14 ಸೆಂ.ಮೀ. ಎಂದು ಕಾಗದದ ಮೇಲೆ ಬರೆದು ತಿಗುರಿಯ ಎದುರು ಅಂಟಿಸಿದೆ. ಭರಣಿಗೆ 1.4 ಕೆ.ಜಿ., ಮುಚ್ಚಳಕ್ಕೆ 350 ಗ್ರಾಂ ಮಣ್ಣು.

ನಾದುವುದು

ತಂತಿಯಿಂದ ಎರಡು ಹೋಳು ಮಾಡಿ ಒಂದರ ಮೇಲೊಂದು ಅಪ್ಪಳಿಸುವುದು, ಮತ್ತೆ ಕೊಯ್ಯುವುದು; ಆಮೇಲೆ ಟಗರಿನ ತಲೆಯ ಆಕಾರ ಬರುವಂತೆ ಎರಡೂ ಅಂಗೈಯಿಂದ ನಾದುವುದು. ಭರಣಿಯ ಮಣ್ಣು, ಮುಚ್ಚಳದ ಮಣ್ಣು ಎರಡನ್ನೂ ಒಂದೇ ಮುದ್ದೆಯಾಗಿ ನಾದಿ ಆಮೇಲೆ ತೂಗಿ ಬೇರೆ ಮಾಡಿದೆ. ಮೆತ್ತಗಿನ ಮಣ್ಣಿನ ಮುಚ್ಚಳ ಗಟ್ಟಿ ಮಣ್ಣಿನ ಭರಣಿಗಿಂತ ಹೆಚ್ಚು ಕುಗ್ಗುತ್ತದೆ, ಏಕೆಂದರೆ ಅದರಲ್ಲಿ ನೀರು ಹೆಚ್ಚು.

ಗಾಳಿಗುಳ್ಳೆ ಇದ್ದರೆ ಪಾತ್ರೆ ಗೂಡಿನಲ್ಲಿ ಸಿಡಿಯುತ್ತದೆ ಎಂಬ ಮಾತು ಎಲ್ಲ ಕಲಿಕೆಯ ಕೋಣೆಗಳಲ್ಲೂ ಕೇಳಿಬರುತ್ತದೆ. ಸಿಡಿಸುವುದು ಗಾಳಿಯಲ್ಲ, ನೀರು. ಪೂರ್ತಿ ಒಣಗದ ಗೋಡೆಯೊಳಗಿನ ನೀರು ಆವಿಯಾಗಿ ಹೊರಬರಲು ದಾರಿ ಸಿಗದಿದ್ದಾಗ ಮಡಕೆ ಒಡೆಯುತ್ತದೆ. ಗುಳ್ಳೆಯ ಕಾಟ ಬೇರೆ ಥರದ್ದು: ಗೋಡೆ ಎತ್ತುವಾಗ ಬೆರಳಿಗೆ ತಗುಲಿ ಕೈ ತಪ್ಪಿಸುತ್ತದೆ. ನಾದುವುದು ಮುಖ್ಯವಾಗಿ ಹದ ಒಂದೇ ಸಮ ಆಗಲಿ ಎಂದು. ಕೊಯ್ದ ಮುಖದಲ್ಲಿ ಗಟ್ಟಿ ಗಂಟು, ಮೆತ್ತಗಿನ ಪಟ್ಟೆ ಕಾಣದಷ್ಟು ಹೊತ್ತು ನಾದಿದರೆ ಆಯಿತು.

ಉಳಿದ ಚೂರು, ಹೆರೆದ ಸಿಪ್ಪೆ ಎಲ್ಲವನ್ನೂ ಮತ್ತೆ ಬಳಸಬಹುದು. ಆದರೆ ನೀರಿಗೆ ಹಾಕುವ ಮೊದಲು ಪೂರ್ತಿ ಒಣಗಿಸಬೇಕು. ಒಣ ಮಣ್ಣು ನೀರು ಹೀರಿ ತಾನಾಗಿ ಉದುರಿ ಕೆಸರಾಗುತ್ತದೆ. ಅರೆ ಒದ್ದೆಯ ಮಣ್ಣು ಅದೇ ನೀರಿನಲ್ಲಿ ಬಹಳ ಹೊತ್ತು ಗಂಟಾಗಿಯೇ ಕೂತಿರುತ್ತದೆ. ಆ ಕೆಸರನ್ನು ಪ್ಲಾಸ್ಟರ್ ಹಲಗೆಯ ಮೇಲೆ ಹರಡಿದರೆ ಹೆಚ್ಚಿನ ನೀರನ್ನು ಪ್ಲಾಸ್ಟರ್ ಎಳೆದುಕೊಳ್ಳುತ್ತದೆ. ಈ ಭರಣಿಗೆ ಮಾತ್ರ ಚೂರು ಸೇರಿಸಲಿಲ್ಲ; ಪಟ್ಟಿ ಅಳೆದ ಮಣ್ಣೇ ಬೇಕು.

ತಿಗುರಿಯ ಮೇಲೆ

ಮುದ್ದೆಯನ್ನು ನಡುವಿಗೆ ತರುವುದು, ಹೆಬ್ಬೆರಳಿಂದ ತೆರೆಯುವುದು ಎಲ್ಲರೂ ಬಲ್ಲ ಹೆಜ್ಜೆಗಳು. ತಳ 9 ಮಿ.ಮೀ. ಉಳಿಯುವವರೆಗೆ ತೆರೆದೆ, ಸೂಜಿ ಚುಚ್ಚಿ ನೋಡಿದರೆ ತಿಳಿಯುತ್ತದೆ, ತೂತು ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲಿ ಅವಸರ ಮಾಡಬಾರದ ಒಂದು ಹೆಜ್ಜೆ ಇದೆ. ಗೋಡೆಯನ್ನು ಬೆರಳುಗಳ ನಡುವೆ ಹಿಂಡಿ ಹಿಂಡಿ ಎತ್ತುವುದರಿಂದ ಅಲ್ಲಿನ ಕಣಗಳು ಒತ್ತಾಗಿ ಸಾಲು ಹಿಡಿಯುತ್ತವೆ. ತಳಕ್ಕೆ ಆ ಒತ್ತು ಸಿಗುವುದೇ ಇಲ್ಲ. ಜೊತೆಗೆ ಗೋಡೆ ಮೊದಲು ಒಣಗುತ್ತದೆ, ತಳ ಕೊನೆಗೆ. ಎರಡೂ ಸೇರಿ ತಳದ ನಡುವೆ ಎಸ್ ಆಕಾರದ ಬಿರುಕು ಬರುತ್ತದೆ, ಎಷ್ಟೋ ಸಲ ಸುಟ್ಟ ಮೇಲೆಯೇ ಕಣ್ಣಿಗೆ ಬೀಳುವುದು. ಮರದ ರಿಬ್, ಅಂದರೆ ಕೈಯಲ್ಲಿ ಹಿಡಿಯುವ ಚಪ್ಪಟೆ ತುಂಡು, ಹಿಡಿದು ತಳವನ್ನು ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ತಿಕ್ಕಬೇಕು. ಒಳಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆಯಬೇಕು.

ಗೋಡೆ ಎತ್ತುವಾಗ ಮೊದಲು ನೇರ ಕೊಳವೆಯಾಗಿಯೇ ಎತ್ತಿದೆ, ಹೊಟ್ಟೆ ಉಬ್ಬಿಸುವುದು ಕೊನೆಗೆ. ಉಬ್ಬಿದ ಮೇಲೆ ಎತ್ತರ ಸಿಗುವುದಿಲ್ಲ. ಗೋಡೆ ಎಷ್ಟು ಸಮವಾಗಿದೆ ಎಂದು ತಿಳಿಯಲು ಅದೇ ತೂಕದ ಇನ್ನೊಂದು ಕೊಳವೆ ಎತ್ತಿ, ತಿಗುರಿಯ ಮೇಲೇ ತಂತಿಯಿಂದ ನೆಟ್ಟಗೆ ಎರಡು ಸೀಳು ಮಾಡಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ತಿಗುರಿ ಕಲಿಯುವವರು ಆ ದೊಣ್ಣೆಯನ್ನು ತಾವೇ ಆಗಾಗ ಎತ್ತಿಕೊಳ್ಳುವುದು ಒಳ್ಳೆಯದು. ಸೀಳಿದ ಮುಖದಲ್ಲಿ ಮೇಲೆ 5 ಮಿ.ಮೀ., ಬುಡದಲ್ಲಿ 11 ಮಿ.ಮೀ. ಇತ್ತು. ಬುಡದ ದಪ್ಪ ಆಮೇಲೆ ಹೆರೆದರೆ ಹೋಗುತ್ತದೆ. ಮೇಲಿನ ಅಂಚಿಗೆ ಮಾತ್ರ ಇನ್ನಷ್ಟು ಮಣ್ಣು ಬೇಕಿತ್ತು, ಏಕೆಂದರೆ ಮುಚ್ಚಳ ಕೂರುವ ಮೆಟ್ಟಿಲನ್ನು ಅಲ್ಲಿಂದಲೇ ಮಾಡಬೇಕು. ನಿಜವಾದ ಭರಣಿಯಲ್ಲಿ ಅಂಚನ್ನು 9 ಮಿ.ಮೀ. ದಪ್ಪ ಬಿಟ್ಟೆ.

ಆ ಮೆಟ್ಟಿಲಿಗೆ ಗ್ಯಾಲರಿ ಎನ್ನುತ್ತಾರೆ. ಹೊಟ್ಟೆ ಉಬ್ಬಿಸಿ, ಎರಡೂ ಕೈ ಸುತ್ತುವರಿದು ಕತ್ತನ್ನು ಒಳಕ್ಕೆ ತಂದ ಮೇಲೆ, ದಪ್ಪ ಅಂಚಿನ ಒಳ ಅರ್ಧವನ್ನು ಚೌಕ ಮೂಲೆಯ ಮರದ ಕಡ್ಡಿಯಿಂದ ಕೆಳಕ್ಕೆ ಒತ್ತಬೇಕು. ಕೆಳಗಿನಿಂದ ಒಂದು ಬೆರಳು ಆಸರೆ ಕೊಡದಿದ್ದರೆ ಮೆಟ್ಟಿಲು ಇಳಿಜಾರಾಗುತ್ತದೆ. ಮೆಟ್ಟಿಲಿನ ಅಗಲ 5 ಮಿ.ಮೀ., ಅದರ ಮೇಲಿನ ನೇರ ಗೋಡೆಯ ವ್ಯಾಸ 91 ಮಿ.ಮೀ. ಕ್ಯಾಲಿಪರ್ ಅದೇ ಅಳತೆಗೆ ಬಿಗಿದು ಪಕ್ಕಕ್ಕೆ ಇಟ್ಟೆ.

ಮುಚ್ಚಳ ಕೂಡಲೇ, ಅದೇ ಕೂತ ಕೂತಲ್ಲೇ. ಇದನ್ನು ತಲೆಕೆಳಗಾಗಿ, ಆಳವಿಲ್ಲದ ಬಟ್ಟಲಿನ ಹಾಗೆ ಎತ್ತಬೇಕು. ಬುಡದಲ್ಲಿ ಉಳಿಸಿದ ದಪ್ಪ ಮಣ್ಣು ಆಮೇಲೆ ಹಿಡಿಕೆಯಾಗುತ್ತದೆ. ಹೊರ ಅಂಚು 89 ಮಿ.ಮೀ. ಎರಡು ಮಿ.ಮೀ. ಬಿಟ್ಟದ್ದು ಒಣಗುವಾಗ, ಸುಡುವಾಗ ಬಾಯಿ ಒಂದಿಷ್ಟು ಅಂಡಾಕಾರವಾದರೂ ಮುಚ್ಚಳ ತಿರುಗಲಿ ಎಂದು. ಇದಕ್ಕಿಂತ ಬಿಗಿ ಮಾಡಿದರೆ ಹಸಿಯಲ್ಲಿ ಚೆಂದ ಕಾಣುತ್ತದೆ, ಸುಟ್ಟ ಮೇಲೆ ಸುತ್ತಿಗೆ ಬೇಕಾಗುತ್ತದೆ.

ಹೆರೆಯುವುದು, ಒಣಗಿಸುವುದು

ಚರ್ಮದ ಹದ ಎಂದರೆ ಒತ್ತಿದರೆ ಬೆರಳಚ್ಚು ಬೀಳದ, ಆದರೆ ಉಗುರಿಂದ ಗೀರಿದರೆ ಗೆರೆ ಮೂಡುವ ಸ್ಥಿತಿ. ಹೆರೆದ ಸಿಪ್ಪೆ ಉದ್ದ ಎಳೆಯಾಗಿ ಸುರುಳಿ ಸುತ್ತಿ ಬಂದರೆ ಹದ ಸರಿ. ಅಂಟಿಕೊಂಡರೆ ಇನ್ನೂ ಒದ್ದೆ, ಪುಡಿಯಾದರೆ ಒಣಗಿದೆ. ಭರಣಿಯನ್ನು ಬೋರಲು ಹಾಕಿ ಬುಡ ಹೆರೆದು, ತಳದಲ್ಲಿ ಬಳೆಯಂಥ ಪಾದ ಉಳಿಸಿದೆ. ಆಮೇಲೆ ಭರಣಿಯನ್ನು ನೆಟ್ಟಗೆ ನಡುವಿಗೆ ಕೂರಿಸಿ, ಮುಚ್ಚಳವನ್ನು ಅದರ ಮೇಲೇ ಇಟ್ಟು ಹೆರೆದೆ. ಮುಚ್ಚಳದ ಓರೆಕೋರೆ, ಭರಣಿಯ ಓರೆಕೋರೆ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುವುದು ಹೀಗೆ ಮಾಡಿದಾಗ ಮಾತ್ರ.

ಹಿಡಿಕೆಯನ್ನು ದಪ್ಪ ಮಣ್ಣಿನಿಂದಲೇ ಹೆರೆದದ್ದರಿಂದ ಅಂಟಿಸುವ ಕೆಲಸ ಬರಲಿಲ್ಲ. ಅಂಟಿಸುವುದಾದರೆ ಎರಡೂ ಮುಖ ಗೀರಿ, ಅದೇ ಮಣ್ಣಿನ ಗಟ್ಟಿ ಕೆಸರು, ಅಂದರೆ ಸ್ಲಿಪ್ ಹಚ್ಚಿ, ಒತ್ತಿ ಅಲುಗಾಡಿಸಿ ಕೂರಿಸಬೇಕು. ಬರೀ ನೀರು ಹಚ್ಚಿದರೆ ಒಣಗುವಾಗ ಬಿಟ್ಟುಕೊಳ್ಳುತ್ತದೆ.

ಒಣಗಿಸಿದ್ದು ಮುಚ್ಚಳ ಹಾಕಿಯೇ, ತೆಳು ಪ್ಲಾಸ್ಟಿಕ್ ಹೊದಿಸಿ, ತಂತಿ ಜಾಲರಿಯ ಮೇಲೆ. ಜಾಲರಿ ಇರುವುದು ತಳಕ್ಕೂ ಗಾಳಿ ಸಿಗಲಿ ಎಂದು. ಕೆನ್ನೆಗೆ ತಾಗಿಸಿದಾಗ ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ.

ಮೊದಲ ಸುಡುವಿಕೆ

ಬಿಸ್ಕ್ ಸುಡುವಿಕೆ ಕೋನ್ 06ಕ್ಕೆ, ಸುಮಾರು 1,000 ಡಿಗ್ರಿ. ಕೋನ್ 6 ಬೇರೆ, ಕೋನ್ 06 ಬೇರೆ. ಮುಂದೆ ಸೊನ್ನೆ ಇರುವ ಅಂಕಿಗಳಲ್ಲಿ ಅಂಕಿ ದೊಡ್ಡದಾದಷ್ಟು ಉರಿ ಕಡಿಮೆ. ಈ ಪಿರಮಿಡ್ಡಿನಂಥ ಕಡ್ಡಿಗಳನ್ನು ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ರೂಪಿಸಿದ. ಕೋನ್ ಬರೀ ಡಿಗ್ರಿಯನ್ನು ತೋರಿಸುವುದಿಲ್ಲ, ಎಷ್ಟು ಹೊತ್ತಿನಲ್ಲಿ ಎಷ್ಟು ಕಾವು ಮಣ್ಣಿಗೆ ಇಳಿಯಿತು ಎಂಬುದನ್ನು ಬಾಗಿ ತೋರಿಸುತ್ತದೆ.

90 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟೆ, ಕುದಿಯುವ ಮಟ್ಟಕ್ಕೆ ಹೋಗುವ ಮೊದಲೇ ಸಂದಿನ ನೀರು ಹೋಗಲಿ ಎಂದು. ಅಲ್ಲಿಂದ 600ರವರೆಗೆ ಗಂಟೆಗೆ 100 ಡಿಗ್ರಿ. ಈ ಹಾದಿಯಲ್ಲಿ ಎರಡು ಘಟನೆ ನಡೆಯುತ್ತವೆ. ಸುಮಾರು 450ರ ನಂತರ ಜೇಡಿಯ ಹರಳಿನೊಳಗೇ ಬೆಸೆದಿರುವ ನೀರು ಹೊರಡುತ್ತದೆ. ಶುದ್ಧ ಕಯೋಲಿನೈಟ್‌ನಲ್ಲಿ ಅದು ತೂಕದ ಸುಮಾರು ಶೇ 14. ಇಲ್ಲಿಂದ ಮುಂದೆ ಎಷ್ಟು ನೆನೆಸಿದರೂ ಅದು ಮತ್ತೆ ಮಣ್ಣಾಗುವುದಿಲ್ಲ. 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ಹರಳು ರೂಪ ಬದಲಿಸಿ ಥಟ್ಟನೆ ಹಿಗ್ಗುತ್ತದೆ, ಆರುವಾಗ ಅದೇ ಜಾಗದಲ್ಲಿ ಥಟ್ಟನೆ ಕುಗ್ಗುತ್ತದೆ. 700ರಿಂದ 900ರ ನಡುವೆ ಗೂಡಿನ ಗಾಳಿಕಿಂಡಿ ತೆರೆದೇ ಇತ್ತು. ಮಣ್ಣಿನಲ್ಲಿರುವ ಇಂಗಾಲ ಉರಿದು ಹೋಗದಿದ್ದರೆ ಮುಂದೆ ಗ್ಲೇಜಿನಲ್ಲಿ ಸೂಜಿತೂತುಗಳಾಗಿ ಹೊರಬೀಳುತ್ತದೆ. ಮುಚ್ಚಳ ಈ ಸಲವೂ ಭರಣಿಯ ಮೇಲೇ.

ಗ್ಲೇಜ್

ಗ್ಲೇಜ್ ಎಂದರೆ ಪಾತ್ರೆಯ ಮೇಲೆ ಕರಗಿಸಿದ ಗಾಜು. ಗಾಜಾಗುವುದು ಸಿಲಿಕಾ, ಅದೊಂದೇ ಕರಗಲು 1,700 ಡಿಗ್ರಿ ದಾಟಬೇಕು. ಕರಗುವ ಮಟ್ಟ ಇಳಿಸುವುದು ಫ್ಲಕ್ಸ್, ಕರಗಿದ್ದು ಗೋಡೆಯಿಂದ ಜಾರದಂತೆ ಬಿಗಿಹಿಡಿಯುವುದು ಅಲ್ಯುಮಿನಾ. ಆರಿಸಿಕೊಂಡದ್ದು ಕೋನ್ 6ರ ಹಳೆಯ ಪರಿಚಿತ ಮಿಶ್ರಣ: ವೊಲಾಸ್ಟೊನೈಟ್ (ಕ್ಯಾಲ್ಸಿಯಂ, ಸಿಲಿಕಾ ಕೂಡಿದ ಖನಿಜ), ಪೊಟ್ಯಾಷ್ ಫೆಲ್ಡ್‌ಸ್ಪಾರ್, ಕಯೋಲಿನ್, ಸಿಲಿಕಾ, ಬೋರಾನ್ ಇರುವ ಫ್ರಿಟ್ 3134 (ಫ್ರಿಟ್ ಎಂದರೆ ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು), ಐದೂ ತಲಾ ಶೇ 20. ನೆನಪಿಡುವುದು ಸುಲಭ ಅನ್ನುವುದೂ ಒಂದು ಗುಣವೇ. ಒಳಗೆ ಇದನ್ನೇ ಬಣ್ಣವಿಲ್ಲದೆ. ಹೊರಗೆ ಇದಕ್ಕೇ ಶೇ 8 ಕೆಂಪು ಕಬ್ಬಿಣದ ಆಕ್ಸೈಡ್ ಸೇರಿಸಿ ಕಡು ಕಂದು. ಒಳಗೆ ಲೋಹದ ಬಣ್ಣ ಹಾಕುವುದು ನನಗೆ ಇಷ್ಟವಿಲ್ಲ. ಏನನ್ನು ತುಂಬಿಡುತ್ತಾರೋ ಯಾರಿಗೆ ಗೊತ್ತು.

ಪುಡಿ ತೂಗುವಾಗ ಧೂಳು ತಡೆಯುವ ಮುಖವಾಡ ಹಾಕಲೇಬೇಕು. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಉಳಿದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ನೆಲ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಪುಡಿಯಷ್ಟೇ ತೂಕದ ನೀರು ಹಾಕಿ ಕಲಸಿ, 80 ಮೆಷ್ ಜರಡಿಯಲ್ಲಿ ಸೋಸಿದೆ. 100 ಮಿ.ಲೀ. ಗ್ಲೇಜ್ 144 ಗ್ರಾಂ ತೂಗಿತು, ಅಂದರೆ ಸಾಂದ್ರತೆ 1.44. ಬಿಸ್ಕ್ ಪಾತ್ರೆ ನೀರು ಹೀರುವುದರಿಂದಲೇ ಪುಡಿ ಗೋಡೆಗೆ ಹತ್ತುತ್ತದೆ. ಹಾಗಾಗಿ ಒಳಗೂ ಹೊರಗೂ ಒಂದೇ ಸಲ ಬಳಿದರೆ ತೆಳು ಗೋಡೆ ನೀರು ತುಂಬಿ ಸುಮ್ಮನಾಗುತ್ತದೆ. ಒಳಗೆ ಸುರಿದು ಸುತ್ತ ಆಡಿಸಿ ಚೆಲ್ಲಿ, ಮರುದಿನ ಹೊರಗೆ ಅದ್ದಿದೆ. ಮೂರು ಸೆಕೆಂಡ್ ಸಾಕು. ಸೂಜಿಯಿಂದ ಗೀರಿ ನೋಡಿದಾಗ ದಪ್ಪ ಒಂದು ಮಿ.ಮೀ. ಒಳಗೇ ಇರಬೇಕು.

ಅದಕ್ಕೂ ಮೊದಲು ಮೇಣ. ಗ್ಲೇಜ್ ತಾಗಿದ ಎರಡು ಮುಖ ಗೂಡಿನಲ್ಲಿ ಒಂದಾಗಿ ಅಂಟುತ್ತವೆ. ಗ್ಯಾಲರಿಯ ಮೆಟ್ಟಿಲು, ಅದರ ಮೇಲಿನ ನೇರ ಗೋಡೆ, ಮುಚ್ಚಳದ ಅಂಚು, ಪಾದದ ಕೆಳಗೆ ಮತ್ತು ಪಕ್ಕದಲ್ಲಿ 6 ಮಿ.ಮೀ.: ಇಷ್ಟಕ್ಕೂ ದ್ರವ ಮೇಣ ಬಳಿದೆ. ಮುಚ್ಚಳ ಕೂರುವ ಕಡೆ ಮೇಣಕ್ಕೆ ಚಿಟಿಕೆ ಅಲ್ಯುಮಿನಾ ಹೈಡ್ರೇಟ್ ಬೆರೆಸಿದ್ದೆ. ಮೇಣ ಉರಿದು ಹೋದರೂ ಅಲ್ಯುಮಿನಾ ಉಳಿದು ಎರಡು ಮುಖಗಳನ್ನು ಬೇರೆ ಇಡುತ್ತದೆ. ಪಾದಕ್ಕೆ 6 ಮಿ.ಮೀ. ಬಿಟ್ಟಿದ್ದಕ್ಕೂ ಕಾರಣವಿದೆ: ಕಬ್ಬಿಣ ಸೇರಿದ ಗ್ಲೇಜ್ ಒಂದಿಷ್ಟು ಹೆಚ್ಚು ಹರಿಯಬಹುದು. ಮೇಣ ಬಳಿದ ಮೇಲೂ ಅಲ್ಲಲ್ಲಿ ಹನಿ ಕೂರುತ್ತವೆ, ಒದ್ದೆ ಸ್ಪಂಜಿನಿಂದ ಒರೆಸಬೇಕು.

ಎರಡನೇ ಸುಡುವಿಕೆ

ಗೂಡಿನ ಹಲಗೆಗೆ ಅಲ್ಯುಮಿನಾ ಮತ್ತು ಕಯೋಲಿನ್ ಸಮಸಮ ಕಲಸಿದ ಲೇಪ. ಭರಣಿಯ ಪಕ್ಕದಲ್ಲಿ ಕೋನ್ 5, 6, 7 ಸಾಲಾಗಿ. ಮುಚ್ಚಳ ಮೇಲೇ ಇದೆ. ಬೇರೆ ಸುಟ್ಟರೆ ಬಾಯಿ ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ ಎಳೆದುಕೊಳ್ಳುತ್ತದೆ. ಕೊನೆಯ 100 ಡಿಗ್ರಿ ಗಂಟೆಗೆ 60ರಂತೆ ಏರಿಸಿ, ಕೋನ್ 6 ಬಾಗಿ ತುದಿ ಬುಡದ ಮಟ್ಟಕ್ಕೆ ಬಂದಾಗ ಮಾಪಕ 1,222 ತೋರಿಸುತ್ತಿತ್ತು. ಹದಿನೈದು ನಿಮಿಷ ಅಲ್ಲೇ ಹಿಡಿದು ಆರಿಸಿದೆ. ಗ್ಲೇಜಿನ ಗುಳ್ಳೆಗಳು ಒಡೆದು ಮುಚ್ಚಿಕೊಳ್ಳಲು ಅಷ್ಟು ಸಮಯ ಬೇಕು. ತೆರೆದದ್ದು 80 ಡಿಗ್ರಿಗೆ ಇಳಿದ ಮೇಲೆ. 573ರಲ್ಲಿ ಕ್ವಾರ್ಟ್ಜ್, 226ರ ಸುಮಾರಿಗೆ ಕ್ರಿಸ್ಟೊಬಲೈಟ್ (ಸಿಲಿಕಾದ ಇನ್ನೊಂದು ಹರಳು ರೂಪ) ಕುಗ್ಗುತ್ತವೆ. ಆ ಹೊತ್ತಿನಲ್ಲಿ ತಣ್ಣನೆ ಗಾಳಿ ಹೊಡೆದರೆ ಚೆನ್ನಾಗಿ ಬಂದ ಪಾತ್ರೆಯೂ ಸೀಳುತ್ತದೆ.

ಅಳತೆ ಮತ್ತು ಪರೀಕ್ಷೆ

ಮುಚ್ಚಳ ಮೊದಲು ಬರಲಿಲ್ಲ. ಹಿಡಿಕೆಯ ಬದಿಗೆ ಮರದ ತುಂಡಿನಿಂದ ಮೆಲ್ಲನೆ ತಟ್ಟಿದಾಗ ಟಕ್ ಎಂದು ಬಿಟ್ಟಿತು. ಅಲ್ಯುಮಿನಾ ಇದ್ದರೂ ಇಷ್ಟು ಹಿಡಿತ ಸಾಮಾನ್ಯ. ಗ್ಯಾಲರಿ ಒಂದು ಕಡೆ 80.2, ಅಡ್ಡಕ್ಕೆ 79.8. ಮುಚ್ಚಳ 78.3. ಮೆಟ್ಟಿಲಿನವರೆಗೆ ನೀರು ತುಂಬಿ ತೂಗಿದರೆ 985 ಗ್ರಾಂ.

ಮುಚ್ಚಳ ತಿರುಗಿಸಿದಾಗ ಕರಕರ ಸದ್ದು. ಸಿಲಿಕಾನ್ ಕಾರ್ಬೈಡ್ ಪುಡಿಗೆ ನೀರು ಕಲಸಿ ಮೆಟ್ಟಿಲಿನ ಮೇಲೆ ಹಚ್ಚಿ, ಮುಚ್ಚಳವನ್ನು ಒತ್ತಿ ಅತ್ತಿತ್ತ ತಿರುಗಿಸುತ್ತ ಹೋದೆ: ಮೊದಲು 220ರ ಪುಡಿ, ಆಮೇಲೆ 400. ಸದ್ದು ನುಣುಪಾದಾಗ ನಿಲ್ಲಿಸಬೇಕು. ಒಣಗಿಯೇ ಉಜ್ಜಿದರೆ ಮತ್ತೆ ಅದೇ ಧೂಳು.

ಅದೇ ಮಣ್ಣಿನ, ಭರಣಿಯ ಜೊತೆಯಲ್ಲೇ ಸುಟ್ಟ ಗ್ಲೇಜಿಲ್ಲದ ತುಂಡಿನ ಒಣ ತೂಕ 212.0 ಗ್ರಾಂ. ಐದು ಗಂಟೆ ಕುದಿಸಿ, ಅದೇ ನೀರಿನಲ್ಲಿ 24 ಗಂಟೆ ಬಿಟ್ಟು, ಮೇಲ್ಮೈ ಒರೆಸಿ ತೂಗಿದಾಗ 215.4. ಹೀರಿಕೆ ಶೇ 1.6. ಇದು ಶೇ 3 ದಾಟಿದ್ದರೆ ದ್ರವ ತುಂಬಿಡುವ ಪಾತ್ರೆ ಎಂದು ನಾನು ಕರೆಯುತ್ತಿರಲಿಲ್ಲ, ಗ್ಲೇಜ್ ಎಷ್ಟೇ ಹೊಳೆದರೂ.

ಗ್ಲೇಜ್ ಹಚ್ಚಿದ ಪರೀಕ್ಷಾ ಬಿಲ್ಲೆಯನ್ನು ಕುದಿಯುವ ನೀರಿನಿಂದ ಮಂಜುಗಡ್ಡೆಯ ನೀರಿಗೆ, ಅಲ್ಲಿಂದ ವಾಪಸ್ಸು ಹಲವು ಸಲ ಹಾಕಿ, ಶಾಯಿ ಬಳಿದು ಒರೆಸಿದೆ. ಜಾಲದಂಥ ಗೆರೆ ಮೂಡಲಿಲ್ಲ. ಮೂಡಿದ್ದರೆ ಆರುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದೆ ಎಂದರ್ಥ. ಫೆಲ್ಡ್‌ಸ್ಪಾರ್ ಇಳಿಸಿ ಸಿಲಿಕಾ ಏರಿಸಬೇಕಿತ್ತು. ಇನ್ನೊಂದು ಬಿಲ್ಲೆಯ ಕಂದು ಗ್ಲೇಜಿನ ಮೇಲೆ ರಾತ್ರಿಯಿಡೀ ವಿನೆಗರ್ ನಿಲ್ಲಿಸಿದೆ. ಹೊಳಪು ಕುಂದಲಿಲ್ಲ, ಬಣ್ಣವೂ ಹೋಗಲಿಲ್ಲ. ಕಂದು ಹೊರಗಷ್ಟೇ ಇದ್ದರೂ ಬಾಯಿಯ ಅಂಚಿನವರೆಗೆ ಬರುತ್ತದಲ್ಲ, ನೋಡಿಬಿಡುವುದು ಮೇಲು.

ಮುಂದಿನದಕ್ಕೆ ಒಂದೇ ಬದಲಾವಣೆ ಬರೆದುಕೊಂಡಿದ್ದೇನೆ. ಮುಚ್ಚಳ 89ರ ಬದಲು 89.5. ಅಂಡಾಕಾರ ಅರ್ಧ ಮಿ.ಮೀ.ಗಿಂತ ಕಡಿಮೆ ಇರುವಾಗ ಎರಡು ಮಿ.ಮೀ. ಬಿಡುವಿನ ಅಗತ್ಯವಿಲ್ಲ. ಅದೂ ಈ ಚೀಲ ಮುಗಿಯುವವರೆಗೆ ಮಾತ್ರ. ಹೊಸ ಚೀಲ ಒಡೆದರೆ ಮತ್ತೆ 100 ಮಿ.ಮೀ. ಗೆರೆ.